ಮಾಮದುವಿನ ತಾಯಿ ಹೇಳಿದ್ದರು

ಅವತ್ತು ಲೈನ್ ಕಟ್ ಆಗಿರಲಿಲ್ಲ. ಕಟ್ ಆಯಿತೆಂದು ನಾನು ಸುಳ್ಳು ಹೇಳಿದೆ. ಏಳು ವರ್ಷದಿಂದ ಆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಉಂಡಿದ್ದೇನೆ, ನಮಾಜಿಗೆ ನಿಂತಿದ್ದೇನೆ, ನಕ್ಕಿದ್ದೇನೆ.

ಮಾಮದು ಸೆನೆಗಲ್‌ನವನು. ದೋಹಾದ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ ಆಗ ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು. ವೆಸ್ಟ್ ಬೇಯ ಕಟ್ಟಡವೊಂದರ ರಿಸೆಪ್ಶನ್ನಿನಲ್ಲಿ ಅವನು ಫ್ರೆಂಚ್ ಮಾತಾಡುತ್ತಿದ್ದ. ನನ್ನೊಡನೆ ಇಂಗ್ಲಿಷ್ ಮತ್ತು ಅರಬಿಯ ಬೆರಕೆ. ಮನೆಗೆ ಫೋನ್ ಮಾಡಿದರೆ ವೊಲೊಫ್. ನನಗೆ ಇದೇನೂ ಹೊಸತಲ್ಲ. ನಾನು ಪುತ್ತೂರಿನವನು — ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನನ್ನ ಉಮ್ಮನಿಗೆ ಕಚೇರಿ ಕಾಗದದ ಕನ್ನಡ ಹೇಗೋ, ಅವನ ತಾಯಿಗೆ ಫ್ರೆಂಚ್ ಹಾಗೆ. ಯಾರಾದರೂ ಓದಿ ಹೇಳಬೇಕು.

ಏಳು ಭಾಷೆ ಬರುತ್ತದೆಂಬ ಜಂಭ ನನಗೆ. ಎಂಟನೆಯದಕ್ಕೆ ಅವನಿಂದ ವೊಲೊಫ್‌ನ ಕುಶಲದ ಮಾತುಗಳನ್ನು ಕಲಿತಿದ್ದೆ. ಅವರಲ್ಲಿ ಕ್ರಮವೇ ಹಾಗೆ — ಎಂಥ ಸುದ್ದಿ ಇದ್ದರೂ ಮೊದಲು ಕುಶಲ ಕೇಳಬೇಕು. ನೀನು ಹೇಗಿದ್ದೀ, ಮನೆಯವರು ಹೇಗಿದ್ದಾರೆ, ಕೆಲಸ ಹೇಗಿದೆ... ಹೆಚ್ಚಿನದಕ್ಕೆಲ್ಲ ಒಂದೇ ಉತ್ತರ ಸಾಕು, "ಜಾಮ್ ರೆಕ್" — ಶಾಂತಿಯೇ, ಬೇರೇನಿಲ್ಲ. ಇಷ್ಟಕ್ಕೇ ಭಾಷೆ ಬಂತೆಂದು ಎಲ್ಲರೆದುರು ಮೆರೆದೆ.

ಫೋನ್ ಕೆಟ್ಟಿದ್ದ ಒಂದು ವಾರ ಮಾಮದು ಮನೆಗೆ ನನ್ನ ನಂಬರ್ ಕೊಟ್ಟಿದ್ದ. ಅವನು ಡ್ಯೂಟಿಯಲ್ಲಿದ್ದಾಗ ತಾಯಿಯ ಕರೆ ಬಂತು. ಕುಶಲ ಕೇಳಿದರು, ಒಂದೂ ತಪ್ಪದೆ ಉತ್ತರ ಕೊಟ್ಟೆ. ಅವರಿಗೆ ಖುಷಿಯಾಗಿ ನಕ್ಕೇಬಿಟ್ಟರು. ಆಮೇಲೆ ಸ್ವರ ಇಳಿಯಿತು, ಮಾತು ಉದ್ದವಾಯಿತು — ನನಗೆ ಒಂದಕ್ಷರ ತಿಳಿಯಲಿಲ್ಲ. ಇಲ್ಲ, ಇದೂ ಪೂರ್ತಿ ನಿಜವಲ್ಲ. ನಡುವೆ "ಒಪಿತಾಲ್" ಎಂದದ್ದು ಕೇಳಿಸಿತ್ತು. ಅದು ಆಸ್ಪತ್ರೆ ಎಂದು ಊಹಿಸಲು ದೊಡ್ಡ ಬುದ್ಧಿ ಬೇಕೆ? ಆದರೆ ಈಗಷ್ಟೇ ಮೆಚ್ಚಿಸಿಕೊಂಡವನು ಅರ್ಥವಾಗಲಿಲ್ಲ ಎಂದು ಹೇಗೆ ಹೇಳಲಿ... ಬಾಯಿ ಬಿಟ್ಟರೆ ಬಣ್ಣಗೇಡು. "ವಾವ್, ವಾವ್" ಎಂದೆ. ಹೌದು, ಹೌದು ಎಂದು. ಅವರು ಸಮಾಧಾನದಿಂದ ಫೋನ್ ಇಟ್ಟರು.

ಸಂಜೆ ಮಾಮದುವಿಗೆ, ನಿನ್ನ ತಾಯಿ ಫೋನ್ ಮಾಡಿದ್ದರು, ಎಲ್ಲರೂ ಸೌಖ್ಯವಂತೆ ಎಂದೆ, ಬೀಗುತ್ತ. ಹಾಗಾದರೆ ಫೋನ್ ರಿಪೇರಿಯಾದ ಮೇಲೆ ಮಾತಾಡುತ್ತೇನೆ ಎಂದ. ಮೂರನೆಯ ದಿನ ಅವನ ತಂದೆ ತೀರಿಕೊಂಡರು.

ಅವನು ನನ್ನೆದುರು ಕೂತು ಕೇಳಿದ: "ಹಮೀದ್, ಅಪ್ಪ ಆಸ್ಪತ್ರೆಯಲ್ಲಿದ್ದದ್ದು, ನನ್ನ ಸ್ವರ ಕೇಳ್ಬೇಕು ಅಂತಿದ್ದದ್ದು — ಎಲ್ಲ ಅಮ್ಮ ನಿನ್ನತ್ರ ಹೇಳಿದ್ರಂತೆ. ಹೌದಾ?"

"ಮಾಫಿ, ಭಾಯಿ. ಸಲಾಂ, ಕುಶಲ ಆಗುವಷ್ಟರಲ್ಲಿ ಲೈನ್ ಕಟ್ ಆಯ್ತು."

ಅವನು ನಂಬಿದ, ಊರಿಗೂ ಹಾಗೆಯೇ ಹೇಳಿದ. ಖಲಾಸ್, ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ.

ಕಳೆದ ವಾರ ಸೂಕ್ ವಾಕಿಫ್ ಪೇಟೆಯಲ್ಲಿ ನಾವಿಬ್ಬರೂ ಚಹಾ ಕುಡಿಯುತ್ತ ಕೂತಿದ್ದೆವು. ತಾಯಿ ಹೇಗಿದ್ದಾರೆ ಎಂದು ಕೇಳಿದೆ.

"ಅಮ್ಮ ಈಗ ಒಬ್ರೇ ಯಾರಿಗೂ ಫೋನ್ ಮಾಡುದಿಲ್ಲ. ತಂಗಿಯನ್ನು ಪಕ್ಕದಲ್ಲಿ ಕೂರಿಸ್ಕೊಳ್ತಾರೆ. ಮಾತು ಮುಗಿದ ಮೇಲೆ, ನಾನು ಹೇಳಿದೆ ಅಲ್ವಾ, ಹೇಳಿದೆ ಅಲ್ವಾ ಅಂತ ಅವಳತ್ರ ಕೇಳ್ತಾರೆ. ಗಂಡ ಸಾಯುವಾಗ ಮಗನಿಗೆ ತಿಳಿಸ್ಲಿಲ್ಲ ಅಂತ ಅಪ್ಪನ ಕಡೆಯವರು ಆಡಿ ಆಡಿ... ಈಗ ಅಮ್ಮನೂ ಅದನ್ನೇ ನಂಬಿದ್ದಾರೆ. ತನಗೆ ಬರೀ ಭ್ರಮೆ ಆಗಿರ್ಬೇಕು ಅಂತಾರೆ."

ಮಗನಿಂದ ತಂದೆಯ ಕೊನೆಯ ಮಾತು ತಪ್ಪಿಸಿದೆ — ನನ್ನ ಪಾಪ ಅಷ್ಟೇ ಎಂದು, ಅಷ್ಟೇ ಎಂದು, ಏಳು ವರ್ಷ ಲೆಕ್ಕ ಹಾಕಿದ್ದೆನಲ್ಲ! ಅಲ್ಲೊಂದು ಮನೆಯಲ್ಲಿ, ಗಟ್ಟಿಯಾಗಿದ್ದ ಒಬ್ಬ ಹೆಂಗಸಿಗೆ ತನ್ನ ತಲೆಯ ಮೇಲೇ ನಂಬಿಕೆ ಹೋಗುವಂತೆ ಮಾಡಿದ್ದೆ. ಮುಖವನ್ನೇ ನೋಡದ ಒಬ್ಬ ತಾಯಿಗೆ! ಆಗಲಾದರೂ ಹೇಳಿದೆನೆ? "ಛೆ" ಎಂದೆ. ಅಷ್ಟೇ.

ಇದನ್ನು ಕನ್ನಡದಲ್ಲಿ ಬರೆದರೆ ಅವನು ಓದಲಾರ — ಇದೂ ಒಂದು ಅಡಗುವ ಜಾಗ, ಗೊತ್ತು. ಅದಕ್ಕೇ ನಾಳೆ ಬೆಳಿಗ್ಗೆ ಅವನ ರೂಮಿಗೆ ಹೋಗುತ್ತೇನೆ. ಅವನು ಉಗಿಯಲಿ, ಹೊಡೆಯಲಿ, ಇನ್ನೆಂದೂ ನನ್ನ ಮುಖ ನೋಡದಿರಲಿ. ಅದೆಲ್ಲ ಆಮೇಲೆ. ಮೊದಲು ಊರಿಗೆ ಫೋನ್ ಮಾಡಿ, ಅವನ ಭಾಷೆಯಲ್ಲಿ, ತಾಯಿಗೆ ಹೇಳಲಿ — ಅಮ್ಮ, ನಿನಗೆ ಭ್ರಮೆಯಲ್ಲ, ನೀನು ಹೇಳಿದ್ದೆ.