ದನಿ ಒಡೆದ ವರ್ಷವೂ ಹಾಡಲೇಬೇಕು

ಹಾಡುವ ಮಗನ ಬಾಯಿಗೆ ಅಪ್ಪನೇ ಕಾಳುಮೆಣಸು ತುರುಕುವುದನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದೆ. ಹೋದ ತಿಂಗಳು ಆಳಂದದಲ್ಲಿ, ಒಂದು ಶಾಲೆಯ ಕ್ಲಾಸ್‌ರೂಮಿನಲ್ಲಿ. ಅವತ್ತಿನ ಮಟ್ಟಿಗೆ ಅದೇ ಗ್ರೀನ್‌ರೂಮು.

ಹುಡುಗನ ಹೆಸರು ಮಲ್ಲಿನಾಥ. ಹದಿನಾಲ್ಕು ವರ್ಷ. ಅಫಜಲಪುರ ತಾಲ್ಲೂಕಿನ ಗೊಬ್ಬೂರಿನವನು. ಅಪ್ಪ ಹಿಟ್ಟಿನ ಗಿರಣಿಯಲ್ಲಿ ಆಳು. ಮಗ ಜೇವರ್ಗಿಯ ಸಂಗೀತ ಮಾಸ್ತರರ ಮನೆಯಲ್ಲಿದ್ದು ಕಲಿಯುತ್ತಾನೆ. ಊಟ, ಬಟ್ಟೆ, ಕಲಿಕೆ ಎಲ್ಲ ಎಂಜಿನಿಯರ್ ಸಾಹೇಬರ ಸ್ಕಾಲರ್‌ಶಿಪ್ಪಿನ ಮೇಲೆ.

ಸಾಹೇಬರು ಆಳಂದದವರೇ. ನೀರಾವರಿಯಲ್ಲಿ ರಿಟೈರ್ ಆಗಿ ಊರಿಗೆ ಬಂದವರು. (ನೀರಾವರಿಯಲ್ಲಿದ್ದೂ ಸ್ವಂತ ಮನೆ ಕಟ್ಟಲಿಲ್ಲ ಎಂದರೆ ಎಂಥವರೆಂದು ನೀವೇ ತಿಳಿದುಕೊಳ್ಳಿ.) ಚಿಕ್ಕಂದಿನಲ್ಲಿ ಅವರಿಗೆ ಹಾಡುವ ಹುಚ್ಚಿತ್ತಂತೆ. ಅಪ್ಪ ಹಾರ್ಮೋನಿಯಂ ಮಾರಿ ಕಾಲೇಜಿಗೆ ಕಳಿಸಿದರಂತೆ. "ನನಗಾದದ್ದು ಯಾವ ಹುಡುಗಗೂ ಆಗಬಾರದ್ರಿ" ಎನ್ನುತ್ತಾ ಪೆನ್ಷನ್ನಿನ ದೊಡ್ಡ ಪಾಲನ್ನು ಹಾಡುವ, ಕುಣಿಯುವ, ತಬಲಾ ಬಾರಿಸುವ ಮಕ್ಕಳಿಗೆ ಕೊಡುತ್ತಾರೆ. ಜಾತಿ ಕೇಳುವುದಿಲ್ಲ. ವಶೀಲಿ ನಡೆಯುವುದಿಲ್ಲ.

ಒಂದೇ ಶರತ್ತು. ವರ್ಷಕ್ಕೊಮ್ಮೆ ಅವರೆದುರು ಸ್ಟೇಜ್ ಹತ್ತಿ ಕಲಿತದ್ದನ್ನು ತೋರಿಸಬೇಕು. ಇಲ್ಲವಾದರೆ ಸ್ಕಾಲರ್‌ಶಿಪ್ ಬಂದ್.

ನ್ಯಾಯವೇ ಅಲ್ಲವೇ? ನನಗೂ ಹಾಗೇ ಅನ್ನಿಸಿತ್ತು. ಆದರೆ ಹದಿಮೂರು ಹದಿನಾಲ್ಕಕ್ಕೆ ಗಂಡುಹುಡುಗರ ದನಿ ಒಡೆಯುತ್ತದೆ ಎಂಬುದು ಶರತ್ತು ಹಾಕಿದವರಿಗೆ ಹೊಳೆದಿರಲಿಲ್ಲ.

ಮಲ್ಲಿನಾಥನ ದನಿ ಒಡೆದಿತ್ತು. ಮಾಸ್ತರರು ಹಾಡು ಬಿಡಿಸಿದ್ದರು. ಕೂತು ಕೇಳು, ತಾಳ ಹಾಕು, ಬಾಯಿ ಮಾತ್ರ ಬಿಚ್ಚಬೇಡ ಎಂದಿದ್ದರು. ಕಾರ್ಯಕ್ರಮ ಹತ್ತಿರ ಬಂತು ನೋಡಿ, ಅಪ್ಪನಿಗೆ ದಿಗಿಲಾಯಿತು. ಮಗನನ್ನು ಊರಿಗೆ ಕರೆದೊಯ್ದು ಬೆಳಗ್ಗೆ ಸಂಜೆ ಹಾಡಿಸಿದ. ಇದ್ದಬದ್ದ ದನಿಯೂ ಬಿದ್ದಿತು. ಅದಕ್ಕೇ ಈ ಮೆಣಸು.

ಗ್ರೀನ್‌ರೂಮಿನಲ್ಲಿ ಜಗಳ ಹತ್ತಿತ್ತು.

"ಈಗ ಒತ್ತಿ ಹಾಡಿದ್ರ ಗಂಟಲ ಕಾಯಂ ಹೋಗ್ತದಪಾ" ಎಂದರು ಮಾಸ್ತರರು.

"ಹಾಡಲಿಲ್ಲಂದ್ರ ಸ್ಕಾಲರ್‌ಶಿಪ್ ಹೋಗ್ತದಲ್ರಿ!" ಅಪ್ಪ ಇನ್ನೊಂದು ಕಾಳು ಮಗನ ಬಾಯಿಗಿಟ್ಟ. "ಇಂವನೂ ನನ್ನಂಗ ಗಿರಣ್ಯಾಗ ಧೂಳ ಕುಡೀಬೇಕೇನ್ರಿ?"

ಹುಡುಗನನ್ನು ಯಾರೂ ಕೇಳಲಿಲ್ಲ. ಅವನು ಮೆಣಸು ಜಗಿಯುತ್ತಿದ್ದ.

ನಾನು ಅವತ್ತಿನ ಅತಿಥಿ. (ನಾಲ್ಕು ಮಾತಾಡಿ ಹಾರ ಹಾಕಿಸಿಕೊಳ್ಳುವ ಕೆಲಸ.) ನೇರ ಸಾಹೇಬರ ಹತ್ತಿರ ಹೋದೆ. "ಈ ವರ್ಷ ಇವನಿಗೆ ಮಾಫಿ ಮಾಡ್ರಿ ಸಾಹೇಬ್ರ. ದನಿ ಒಡದದ."

ಅವರು ಸಿಟ್ಟಾಗಲಿಲ್ಲ. ನಕ್ಕರು.

"ಕಾಲುವಿಗೆ ನೀರ ಬಿಟ್ಟು ನೋಡದ ನಾ ಒಂದ್ ಬಿಲ್ಲಿಗೂ ಸಹಿ ಹಾಕಿದಂವ ಅಲ್ರಿ. ಒಬ್ಬಗ ಮಾಫಿ ಅಂದ್ರ ನಾಳಿ ಎಲ್ಲಾರಿಗೂ ನೆಗಡಿನ. ಜರಾ ಹೆದರ್ಯಾನ, ಹಾಡ್ತಾನ ಬಿಡ್ರಿ. ಹೋದ ವರ್ಷದ್ದೇ ಹಾಡ ಹಾಡಂತ ಹೇಳ್ರಿ ಅವನಿಗೆ. ಆ ಕ್ಯಾಸೆಟ್ ಹಾಕಿ ಹಾಕಿ ಸವದ ಹೋಗ್ಯಾದ, ಇವತ್ತ ಮತ್ತ ಟೇಪ್ ಮಾಡ್ಕೋತೇನಿ."

ಹೋದ ವರ್ಷದ ಹಾಡು ಎಂದರೆ ಹೋದ ವರ್ಷದ ಎತ್ತರದ ಶ್ರುತಿ. ಮಾಸ್ತರರು ಹಾರ್ಮೋನಿಯಂ ಹಿಡಿದು ಶ್ರುತಿ ಇಳಿಸಲು ನೋಡಿದರು. ಅಪ್ಪ ಸ್ಟೇಜಿನ ಪಕ್ಕದಿಂದ ಏರಿಸಿ, ಏರಿಸಿ ಎಂದು ಕೈ ಮಾಡಿದ. ಹುಡುಗ ಅಪ್ಪನನ್ನು ನೋಡಿ ಹಳೆಯ ಶ್ರುತಿಯಲ್ಲೇ ಎತ್ತಿಕೊಂಡ.

ಕೆಳಗಿನ ಸ್ವರಗಳು ಹೇಗೋ ದಾಟಿದವು. ಮೇಲಕ್ಕೆ ಹೋಗುವಾಗ ದನಿ ಸೀಳಿಹೋಯಿತು. ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಕ್ಕರು. ಅವನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮತ್ತೆ ಏರಿದ, ಮತ್ತೆ ಸೀಳಿತು. ಆಮೇಲೆ ಬಾಯಿ ತೆರೆದೇ ಇತ್ತು, ಕೊರಳ ನರ ಉಬ್ಬಿತ್ತು, ದನಿ ಮಾತ್ರ ಹೊರಡಲಿಲ್ಲ. ಮಕ್ಕಳನ್ನು ಹೀಗೆ ನಿಲ್ಲಿಸಿ ನೋಡುವ ಹಕ್ಕನ್ನು ನಮಗೆ ಯಾರು ಕೊಟ್ಟರು?

ಸಾಹೇಬರು ಎದ್ದು ಹೋಗಿ ಅವನ ತಲೆ ಸವರಿದರು. "ಪ್ರಯತ್ನಾ ಮಾಡ್ಯಾನ" ಎಂದು ಸ್ಕಾಲರ್‌ಶಿಪ್ ಮುಂದುವರಿಸಿದರು. ಅಪ್ಪ ಅವರ ಕಾಲಿಗೆ ಬಿದ್ದ.

ಮೊನ್ನೆ ಜೇವರ್ಗಿಗೆ ಹೋಗಿದ್ದೆ. ಮಲ್ಲಿನಾಥ ಊರಿಗೆ ಹೊರಟು ನಿಂತಿದ್ದ. ಅವನ ಮಾತು ಈಗ ಪಿಸುಮಾತು. ಸೊಲ್ಲಾಪುರದ ಡಾಕ್ಟರು ಗಂಟಲು ನೋಡಿ, ಮಾತಾಡಲು ತೊಂದರೆಯಿಲ್ಲ, ಹಾಡಿನ ಆಸೆ ಬಿಡಿ ಎಂದರಂತೆ.

"ತಬಲಾ ಕಲೀಬಾರದೇನಪಾ?" ಎಂದೆ. "ಸಾಹೇಬ್ರು ಅದಕ್ಕೂ ಕೊಡ್ತಾರ."

"ಒಲ್ಲೆರಿ" ಎಂದ. ಚೀಲ ಹೆಗಲಿಗೆ ಹಾಕಿಕೊಂಡು, "ನಾ ಹಾಡಾಂವ ಇದ್ದೆರಿ" ಎಂದ.

ಬರುವಾಗ ಆಳಂದಕ್ಕೆ ಹೋಗಿ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಅತ್ತರು. ನಾಟಕವಲ್ಲ, ನಿಜವಾಗಿ ಅತ್ತರು. ಬೈಯಬೇಕೆಂದು ಹೋದವನಿಗೆ ಬೈಯಲೂ ಆಗಲಿಲ್ಲ. ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು!

ಆಮೇಲೆ ಚಷ್ಮಾ ಒರೆಸಿಕೊಂಡು ಹೇಳಿದರು: "ಒಂದ್ ಜಾಗಾ ಖಾಲಿ ಆತಲ್ರಿ. ಛಲೋ ಹಾಡೋ ಹುಡುಗ ಇದ್ರ ಹೇಳ್ರಿ. ಈ ಸಲ ಜರಾ ಸಣ್ಣಾಂವ ಇರಲಿ. ಎಂಟೋ ಹತ್ತೋ ವರ್ಷದಾಂವ ಆದ್ರ ನಾಕ್ ವರ್ಷ ನಿಶ್ಚಿಂತಿ."

"ಶರತ್ತು?" ಎಂದೆ.

"ಅದು ಇರಬೇಕಲ್ರಿ" ಎಂದರು.

ನಿಮ್ಮ ಮನೆಯಲ್ಲಿ ಇಂಪಾಗಿ ಹಾಡುವ ಹುಡುಗ ಇದ್ದಾನೆಯೇ? ಇದ್ದರೆ ದಯವಿಟ್ಟು ನನಗೆ ಹೇಳಬೇಡಿ.