ಪಾಸು ಮಾಡಲು ಬಾರದವಳು

ಗಡ್ಡ ಹೆರೆದುಕೊಂಡು ಬಚ್ಚಲಿಂದ ಹೊರಬರುವಾಗ ನನಗೆ ಇವತ್ತಿಗೂ ಅಳುಕು. ಹೆಂಡತಿ ಪಾರ್ವತಿ ತಲೆಯೆತ್ತಿ ಒಮ್ಮೆ ನೋಡಿ, "ಕಿವಿ ಕೆಳಗೆ ಬಿಟ್ಟಿದೀರ" ಅನ್ನುತ್ತಾಳೆ. ಕನ್ನಡಿಗೆ ಕಾಣದ್ದು ಅವಳಿಗೆ ಕಾಣುತ್ತದೆ. ನಾನು ಹೈಸ್ಕೂಲು ಮೇಷ್ಟ್ರು. ಅಂಚಿನಲ್ಲಿ ನಿಂತ ಮಕ್ಕಳನ್ನು ಒಂದೆರಡು ಅಂಕ ಕೊಟ್ಟು ದಾಟಿಸುವ ಮನುಷ್ಯ. ಹೀಗಾಗಿ ನಮ್ಮ ಮನೆಯಲ್ಲಿ ಪರೀಕ್ಷೆ ಬರೆಯುವವನು ಯಾವಾಗಲೂ ನಾನೇ.

ತಪ್ಪು ಹುಡುಕುವುದು ಅವಳಿಗೆ ಚಟವೇನಲ್ಲ, ಉದ್ಯೋಗ. ತುಮಕೂರಿನ ಹೊರಗೊಂದು ಕಾರ್ಖಾನೆಯಲ್ಲಿ ಗಾಡಿಗಳ ಬ್ರೇಕಿನೊಳಗೆ ಕೂರುವ ರಬ್ಬರ್ ರಿಂಗುಗಳನ್ನು ಕಣ್ಣಲ್ಲೇ ನೋಡಿ ಆರಿಸುತ್ತಾಳೆ. ಉದ್ದನೆಯ ಮೇಜಿನ ಸುತ್ತ ಹೆಂಗಸರು ಕೂತು, ಮೊರದಲ್ಲಿ ಅಕ್ಕಿ ಹಸನು ಮಾಡುವ ಹಾಗೆ, ಸೀಳು ಬಿಟ್ಟದ್ದನ್ನು ಬುಟ್ಟಿಗೆ ಎಸೆಯುತ್ತಾರೆ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಊರ ಸುದ್ದಿ ಆಡುತ್ತಿರುತ್ತದೆ. ಆ ಮೇಜೇ ಅವಳ ತವರು.

ಹೋದ ತಿಂಗಳು ಆ ಮೇಜಿಗೆ, ರಿಂಗುಗಳನ್ನು ತಾನೇ ನೋಡಿ ಆರಿಸುವ ಒಂದು ಕ್ಯಾಮರಾ ಬಂತು. ಅದಕ್ಕೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಪಕ್ಕದಲ್ಲಿ ಕೂತು ಕಲಿಸಬೇಕು. ಆ ಕೆಲಸಕ್ಕೆ ಪಾರ್ವತಿಯನ್ನು ಆರಿಸಿದರು. ಅದು ಕಲಿತ ಮೇಲೆ ನೋಡಿಕೊಳ್ಳಲು ಒಬ್ಬರು ಸಾಕು, ಮಿಕ್ಕವರು ಬೇಡ ಎಂಬುದೂ ಜೊತೆಗೇ ಗೊತ್ತಾಯಿತು. ಅಂದಿನಿಂದ ಸಾರಿಗೆ ಉಪ್ಪು ಜಾಸ್ತಿಯಾದರೂ ನಾನು ಸೊಲ್ಲೆತ್ತಿಲ್ಲ.

ನಮ್ಮೂರು ಹುಲಿಯೂರುದುರ್ಗಕ್ಕೆ ರಾಗಿ ಮಿಲ್ಲು ಬಂದಾಗ ನಮ್ಮಜ್ಜಿಯ ಬೀಸುವ ಕಲ್ಲು ಮೂಲೆ ಸೇರಿತು. ಯಾರೂ ಅಳಲಿಲ್ಲ. ಅಜ್ಜಿಯಂತೂ ರಟ್ಟೆ ನೀವಿಕೊಳ್ಳುತ್ತಾ ಮಿಲ್ಲಿನವನಿಗೆ ಒಳ್ಳೆಯದಾಗಲಿ ಎಂದು ಹರಸಿದ್ದಳು. ಆದರೆ ಆ ಮಿಲ್ಲಿಗೆ ಬೀಸುವುದನ್ನು ನೀನೇ ಕಲಿಸು ಎಂದು ಅಜ್ಜಿಯನ್ನು ಯಾರೂ ಕೇಳಿರಲಿಲ್ಲ.

ಪಾರ್ವತಿಯ ಪಕ್ಕದಲ್ಲಿ ಕೂರುವ ಗಂಗಮ್ಮ ದಿನಾ ಕುಣಿಗಲ್ಲಿಂದ ಬಸ್ಸಿನಲ್ಲಿ ಬರುವವಳು. ಒಂದು ಭಾನುವಾರ ತುಮಕೂರಿನ ಸದಾಶಿವನಗರದ ನಮ್ಮ ಮನೆಗೇ ಬಂದಳು.

"ಅಕ್ಕ, ಅದ್ಕೆ ತಪ್ತಪ್ಪಾಗಿ ಕಲಿಸ್ಬುಡಕ್ಕ. ಕೆಟ್ಟಿದ್ದನ್ನ ಒಳ್ಳೇದು ಅನ್ನು. ಆಮೇಲೆ ಕಂಪ್ನಿಯೋರೇ ಅದನ್ನೆತ್ತಿ ಆಚೆಗಾಕ್ತಾರೆ."

ನಾನು ಭೇಷ್ ಎಂಬಂತೆ ತಲೆಯಾಡಿಸಿದೆ. ಪಾರ್ವತಿ ಕಾಫಿ ಲೋಟ ಅವಳ ಕಡೆ ಸರಿಸಿದಳು. "ಆ ರಿಂಗು ಯಾರ ಗಾಡಿಗೆ ಹೋಗುತ್ತೋ ಗಂಗಾ. ನೀನು ಬರೋ ಬಸ್ಸಿಗೇ ಹೋದ್ರೆ?"

ಗಂಗಮ್ಮ ಅರ್ಧ ಕುಡಿದ ಕಾಫಿ ಕೆಳಗಿಟ್ಟು ಎದ್ದಳು. ಹೋಗುವಾಗ "ಬರ್ತೀನಿ" ಅನ್ನಲಿಲ್ಲ. ಅವತ್ತು ಪಾರ್ವತಿ ಅತ್ತಳು. ಮರುದಿನ ಹೋಗಿ ಕ್ಯಾಮರಾಕ್ಕೆ ಸರಿಯಾಗಿಯೇ ಕಲಿಸಿದಳು.

ಸರಿಯಾಗಿ ಕಲಿಸಿದ್ದೇ ಎಡವಟ್ಟಾಯಿತು. ಕ್ಯಾಮರಾ ಥೇಟ್ ಅವಳ ಹಾಗೇ ಆಯಿತು. ಕೂದಲೆಳೆಯ ಗೆರೆ ಕಂಡರೂ ಎಸೆಯತೊಡಗಿತು. ಬುಟ್ಟಿಗಳು ತುಂಬಿದವು, ಹೊರಗೆ ಕಳಿಸಬೇಕಾದ ಲೋಡುಗಳು ನಿಂತವು. ಸೂಪರ್‌ವೈಸರ್ ಅವಳನ್ನು ಕರೆಸಿದರು. "ಮೇಡಂ, ಚೂರುಪಾರು ಇದ್ರೆ ಪಾಸ್ ಮಾಡೋದನ್ನೂ ಇದಕ್ಕೆ ಕಲಿಸಿ. ಉಳಿಯೋ ಆ ಒಂದು ಸೀಟು ನಿಮಗೇ ಇಡಿಸ್ತೀನಿ."

"ತಪ್ಪು ಕಂಡ ಮೇಲೆ ಪಾಸ್ ಮಾಡೋದು ನಂಗೇ ಬರಲ್ಲ ಸಾರ್. ಬರದೇ ಇರೋದನ್ನ ಹೆಂಗ್ ಕಲಿಸ್ಲಿ?" ಎಂದು ಬಂದಿದ್ದಾಳೆ. ನಿಮ್ಮ ಕೆಲಸದ ವಿಷಯ ಸೋಮವಾರ ಹೇಳ್ತೀವಿ ಅಂದರಂತೆ.

ಇವತ್ತು ಭಾನುವಾರ. ನಾಳೆ ಕಂಪನಿ ಬಸ್ಸು ನಮ್ಮ ಬೀದಿಯಲ್ಲಿ ಅವಳಿಗಾಗಿ ನಿಲ್ಲುತ್ತದೋ ಇಲ್ಲವೋ ಎಂದು ನನಗೆ ಹೆದರಿಕೆಯಾಗಿದೆ. ಅವಳು ಕಿಟಕಿಯ ಬಳಿ ಮೊರ ಹಿಡಿದು ಕೂತಿದ್ದಾಳೆ. ಈಗಷ್ಟೇ ತಲೆಯೆತ್ತಿ, "ರೀ, ಗುಂಡಿ ಮೇಲೆ ಕೆಳಗೆ ಹಾಕ್ಕೊಂಡಿದೀರ" ಅಂದಳು. ನಾನು ಬಿಚ್ಚಿ ಹಾಕಿಕೊಳ್ಳುತ್ತಿದ್ದೇನೆ.

ಸೂಪರ್‌ವೈಸರಿಗೆ ಅವಳು ಹೇಳಿದ್ದು ಪೂರ್ತಿ ನಿಜವಲ್ಲ. ಮದುವೆಯಾದಾಗಿನಿಂದ ನನ್ನ ಒಂದೊಂದು ಸೀಳನ್ನೂ ಬೆಳಕಿಗೆ ಹಿಡಿದು ನೋಡಿದ್ದಾಳೆ. ಇಲ್ಲಿಯವರೆಗೂ ನನ್ನನ್ನು ಬುಟ್ಟಿಗೆ ಎಸೆದಿಲ್ಲ.