ಹಿತ್ತಿಲ ಜಗಲಿಯ ಕಡಲ ಹೂವು

ಹಾಸನಕ್ಕೂ ಸಮುದ್ರಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಅಲ್ಲಿ ನಮ್ಮ ಬಾಡಿಗೆ ಮನೆಯ ಹಿತ್ತಿಲ ಜಗಲಿಯ ಮೇಲೆ, ಒಂದು ಗಾಜಿನ ಜಾಡಿಯೊಳಗೆ, ಸಮುದ್ರದ ಜೀವವೊಂದು ಎರಡು ವರ್ಷ ಬದುಕಿತ್ತು. ಬದುಕಿಸಿದವಳು ನಾನು. ನಾನು ಓದಿದವಳಲ್ಲ. ದಂಡಿಗನಹಳ್ಳಿಯ ಕೂಲಿಮಠದಲ್ಲಿ ಎರಡು ವರ್ಷ ಮರಳ ಮೇಲೆ ಅಕ್ಷರ ತೀಡಿದ್ದೇ ನನ್ನ ವಿದ್ಯೆ. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಯುದ್ಧದ ಕಾಲ. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಾ ಓಡುತ್ತಿದ್ದವು. ಅಂಥ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿದ್ದವರು ವಾಪಸು ಬರುವಾಗ ಆ ಜಾಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಘಾಟಿ ಹತ್ತಿ ಬಂದರು. ಜಾಡಿಯ ತುಂಬ ಉಪ್ಪು ನೀರು, ನೀರಿನಲ್ಲಿ ಒಂದು ಕಲ್ಲು, ಕಲ್ಲಿಗೆ ಅಂಟಿದ ಕೆಂಚು ಬಣ್ಣದ ಒಂದು ಮುದ್ದೆ.

“ಹುಣಸೆಹಣ್ಣಿಗೆ ಮಂಗಳೂರಿಗೆ ಹೋಗ್ಬೇಕಿತ್ತಾ?” ಅಂದೆ.

“ನಾಳೆ ನೋಡು,” ಅಂದರು.

ಮರುದಿನ ಬೆಳಿಗ್ಗೆ ಮುದ್ದೆ ಬಿಚ್ಚಿಕೊಂಡಿತ್ತು. ಸೇವಂತಿಗೆ ಎಸಳಿನ ಹಾಗೆ ಸುತ್ತಲೂ ಸಣ್ಣ ಸಣ್ಣ ಬೆರಳು, ನಡುವೆ ಬಾಯಿ. ಬೆರಳುಗಳು ಆಡುತ್ತಿದ್ದವು. ಅದು ಹೂವಲ್ಲ, ಪ್ರಾಣಿ. ಸಮುದ್ರದ ಬಂಡೆಗೆ ಅಂಟಿಕೊಂಡಿರುತ್ತದೆ, ಕೈಗೆ ಸಿಕ್ಕಿದ ಹುಳ ಮೀನು ಹಿಡಿದು ತಿನ್ನುತ್ತದೆ ಅಂತ ಹೇಳಿದರು. ನಾವು ಮಾಂಸ ಮುಟ್ಟದ ಮನೆಯವರು. ಅದಕ್ಕೇ ಜಾಡಿ ಅಡುಗೆಮನೆಗೆ ಬರಲಿಲ್ಲ, ಹಿತ್ತಿಲ ಜಗಲಿಯಲ್ಲೇ ಉಳಿಯಿತು.

ಅದರ ಚಾಕರಿ ಒಂದೆರಡಲ್ಲ. ಬಿಸಿಲು ನೇರ ಬೀಳಬಾರದು, ಬೆಳಕು ಇರಬೇಕು. ಬೆಳಿಗ್ಗೆ ಸಂಜೆ ಗಾಜಿನ ಲೋಟದಲ್ಲಿ ನೀರು ಎತ್ತಿ ಎತ್ತಿ ಅದೇ ಜಾಡಿಗೆ ಹುಯ್ಯಬೇಕು, ಅದಕ್ಕೆ ಗಾಳಿ ಬೇಕಂತೆ. ವಾರಕ್ಕೊಂದು ಸಲ ತೆಂಗಿನ ಕಡ್ಡಿಯ ತುದಿಗೆ ಎರೆಹುಳದ ಚೂರು ಸಿಕ್ಕಿಸಿ ಬಾಯಿಗೆ ಕೊಡಬೇಕು. ಅದೇ ದಿನ ಎರಡು ಲೋಟ ಹಳೇ ನೀರು ತೆಗೆದು, ಜಗಲಿಯ ಮೂಲೆಯ ಭರಣಿಯಲ್ಲಿ ಇಟ್ಟಿರುವ ಸಮುದ್ರದ ನೀರು ಹಾಕಬೇಕು. ಆ ನೀರನ್ನು ಮಂಗಳೂರಿನ ಬಸ್ಸಿನ ಡ್ರೈವರು ಆಗಾಗ ತಂದುಕೊಡುತ್ತಿದ್ದ. ಜಾಡಿಯ ಮೇಲೆ ಒಂದು ಕೆಂಪು ದಾರ ಅಂಟಿಸಿತ್ತು. ನೀರು ಆರಿ ದಾರಕ್ಕಿಂತ ಕೆಳಗಿಳಿದರೆ ಬಾವಿಯ ಸಿಹಿನೀರು ಹಾಕಿ ದಾರದ ಮಟ್ಟಕ್ಕೆ ತರಬೇಕು.

“ಸಿಹಿನೀರು ಯಾಕೆ ಗೊತ್ತಾ?” ಅಂದರು.

“ಸಾರು ಕುದ್ದು ಇಂಗಿದ್ರೆ ಉಪ್ಪಾಗಲ್ವಾ? ನೀರು ಹಾಕ್ತೀವಿ. ಅದರಲ್ಲೇನಿದೆ,” ಅಂದೆ.

ಹೈಸ್ಕೂಲಿನ ಹುಡುಗರಿಗೆ ಇದನ್ನು ಹೇಳಿಕೊಡಲು ಒಂದು ವಾರ ಹಿಡಿಯಿತಂತೆ.

ನಾಲ್ಕು ತಿಂಗಳು ಅದು ಚೆನ್ನಾಗಿತ್ತು. ಆಮೇಲೆ ಯಜಮಾನರಿಗೆ ಮೈಸೂರಿನಲ್ಲಿ ಮೂರು ತಿಂಗಳ ಟ್ರೈನಿಂಗು ಬಂತು. ಸುದ್ದಿ ತಿಳಿದ ತಕ್ಷಣ ಚನ್ನರಾಯಪಟ್ಟಣದಿಂದ ಅತ್ತೆ ಬಂದಿಳಿದರು. ಮನೆಗೆ ಬೀಗ ಹಾಕಿ ನನ್ನನ್ನು ಕರೆದುಕೊಂಡು ಹೋಗುವುದು ಅವರ ಲೆಕ್ಕ. ನನಗೆ ಸುತರಾಂ ಇಷ್ಟವಿರಲಿಲ್ಲ. ಚನ್ನರಾಯಪಟ್ಟಣದ ಮನೆಯಲ್ಲಿ ಹದಿನಾಲ್ಕು ಜನ. ಬೀಸುವ ಕಲ್ಲು ಕಿರಿ ಸೊಸೆಯ ಪಾಲು. ನನ್ನ ಓರಗಿತ್ತಿಯೊಬ್ಬಳು ಹದಿನೈದು ದಿನಕ್ಕೆಂದು ಗಂಡನ ಕೆಲಸದ ಊರಿಂದ ಹೋದವಳು ಆರು ವರ್ಷವಾದರೂ ಅಲ್ಲೇ ಇದ್ದಳು. ಹಾಸನದಲ್ಲಿ ಎರಡು ಕೋಣೆಯಾದರೂ ಒಲೆ ನನ್ನದು, ಬೇಕಾದಾಗ ಹಚ್ಚುತ್ತಿದ್ದೆ, ಬೇಡವಾದಾಗ ಆರಿಸುತ್ತಿದ್ದೆ.

ಯಜಮಾನರು ಅವರ ತಾಯಿಗೆ ಹೇಳಿದರು: “ಬಸ್ಸಲ್ಲಿ ಇನ್ನೊಂದ್ಸಲ ಕುಲುಕಾಡಿದ್ರೆ ಇದು ಸಾಯುತ್ತೆ. ಯಾರಾದ್ರೂ ನೋಡ್ಕೋಬೇಕು. ಇದು ಇರೋ ತನಕ ಇವಳು ಇಲ್ಲೇ ಇರ್ಲಿ. ನೀನೂ ಇರು.”

“ಸತ್ತೋದ್ರೆ?”

“ಸತ್ತ್ರೆ ಕರ್ಕೊಂಡು ಹೋಗು.”

“ನೀನೇ ಏಳಿದ್ದು ಕಣ್ಲಾ, ಗ್ಯಾಪ್ಕ ಇಟ್ಕೊ,” ಅಂದರು ಅತ್ತೆ. ತಾವು ತಂದಿದ್ದ ಹಾಸಿಗೆ ಬಿಚ್ಚದೆ ಸುತ್ತಿದ್ದ ಹಾಗೇ ಗೋಡೆಗೆ ಒರಗಿಸಿ ಇಟ್ಟುಕೊಂಡು, ಮಲಗಲು ನನ್ನ ಚಾಪೆ ತೆಗೆದುಕೊಂಡರು.

ಅತ್ತೆಯನ್ನು ಕೆಟ್ಟವರು ಅನ್ನಲಾರೆ. ಒಂದು ಜೀವ ಸಾಯಲಿ ಅಂತ ಬಯಸುವವರಲ್ಲ, ಆದರೆ ಅದು ತಾನಾಗಿ ಸತ್ತರೆ ಬೇಡ ಅನ್ನುವವರೂ ಅಲ್ಲ. ನಾನು ಲೋಟದಲ್ಲಿ ನೀರು ಎತ್ತಿ ಹುಯ್ಯುವಾಗ ಬಾಗಿಲಲ್ಲಿ ಕೂತು, “ಕಾಪಿ ಆರ್ಸಿದಂಗೆ ಆರಿಸ್ತೀಯಲ್ಲಮ್ಮಿ, ಸಕ್ಕರೆ ಆಕಿದ್ದೀಯಾ?” ಅನ್ನುತ್ತಿದ್ದರು. ಒಂದು ದಿನ ಅದಕ್ಕೆ ಮೊಸರನ್ನದ ಅಗುಳು ಹಾಕಲು ಬಂದರು. “ಹುಳ ತಿಂದು ತಿಂದು ಬಾಯಿ ಕೆಟ್ಟಿರ್ತದೆ,” ಅಂದರು. ನಾನು ಕೈ ಹಿಡಿದು ನಿಲ್ಲಿಸಿದೆ.

ಅವರು ಬರುವಾಗ ದೊಡ್ಡದೊಂದು ತಾಮ್ರದ ಬಿಂದಿಗೆ ತಂದಿದ್ದರು. ದಿನಾ ಸಂಜೆ ಹುಣಸೆಹಣ್ಣು ಹಾಕಿ ತಿಕ್ಕಿ, ನೀರು ತುಂಬಿಸಿ, ಮುಚ್ಚಿ ಇಡುವರು. ಒಂದು ರಾತ್ರಿ ತಾಮ್ರದಲ್ಲಿದ್ದ ನೀರಿಗಿಂತ ಒಳ್ಳೆ ನೀರಿಲ್ಲ ಅಂತ ಅವರ ನಂಬಿಕೆ, ನಮ್ಮೆಲ್ಲರ ನಂಬಿಕೆಯೂ ಅದೇ. ಅಲ್ಲಿಯವರೆಗೆ ನಾನು ಜಾಡಿಗೆ ಮಣ್ಣಿನ ಗಡಿಗೆಯ ನೀರು ಹಾಕುತ್ತಿದ್ದೆ.

“ಗಡಿಗೆ ಪಾಚಿ ಕಟ್ಟೈತೆ. ಜೀವ ಇರೋದಕ್ಕೆ ಒಳ್ಳೆ ನೀರು ಹುಯ್ಯಿ. ಅದೇನು ಪಾಪ ಮಾಡೈತೆ?” ಅಂದರು ಅತ್ತೆ. ಸರಿ ಅನ್ನಿಸಿತು. ಅವತ್ತಿನಿಂದ ತಾಮ್ರದ ನೀರು ಹುಯ್ದೆ.

ನಾಲ್ಕೈದು ದಿನಕ್ಕೆ ಬೆರಳುಗಳು ಗಿಡ್ಡವಾದವು. ಹತ್ತನೇ ದಿನ ಮುಚ್ಚಿಕೊಂಡದ್ದು ತೆರೆಯಲೇ ಇಲ್ಲ. ಎರೆಹುಳ ಕೊಟ್ಟರೆ ಹಿಡಿಯಲಿಲ್ಲ, ಚೂರು ಕೆಳಗೆ ಬಿದ್ದು ನೀರು ನಾತ ಹೊಡೆಯಿತು. ಮೈ ಮೇಲೆ ಲೋಳೆ ಬಂತು. ಜಾಡಿಯನ್ನು ನೆರಳಿಗೆ ತಳ್ಳಿದೆ, ಬೆಳಕಿಗೆ ಎಳೆದೆ. ನೀರನ್ನು ದಿನಕ್ಕೆ ನಾಲ್ಕು ಸಲ ಎತ್ತಿ ಹುಯ್ದೆ. ಯಾವುದಕ್ಕೂ ಜಗ್ಗಲಿಲ್ಲ. ಅತ್ತೆ ಬಂದು ಬಗ್ಗಿ ನೋಡಿ, “ನಮ್ಮೂರಿನ ಬಸ್ಸು ಎಷ್ಟೊತ್ತಿಗೆ?” ಅಂತ ಕೇಳಿ ಹೋದರು. ನನಗೆ ಬೀಸುವ ಕಲ್ಲು ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ನಾನು ತಿಂಗಳ ಮುಟ್ಟಾಗಿ ಹೊರಗೆ ಕೂತೆ. ಮೂರು ದಿನ ಹಿತ್ತಿಲ ಜಗಲಿಯೇ ನನ್ನ ಜಾಗ, ಒಳಗೆ ಕಾಲಿಡುವಂತಿಲ್ಲ, ತಾಮ್ರದ ಬಿಂದಿಗೆಯ ಹತ್ತಿರ ಸುಳಿಯುವಂತಿಲ್ಲ. ನನ್ನ ಪಾಲಿಗೆ ಅದೇ ಹಳೇ ಮಣ್ಣಿನ ಗಡಿಗೆ. ಅತ್ತೆ ಬಾವಿಯ ಬಕೆಟ್ಟಿನಿಂದಲೇ ಮೇಲಿನಿಂದ ಅದಕ್ಕೆ ನೀರು ಹುಯ್ಯುತ್ತಿದ್ದರು. ಜಾಡಿ ನನ್ನ ಮೊಣಕೈ ಹತ್ತಿರ ಇತ್ತು.

“ಅಮ್ಮಿ, ಅದ್ನ ಮುಟ್ಬೇಡ ಕಣೆ,” ಅಂದರು. “ಇಂಥ ಟೇಮಲ್ಲಿ ಮುಟ್ಟಿದ್ರೆ ವೀಳ್ಯದೆಲೆ ಬಳ್ಳೀನೇ ಬಾಡೋಯ್ತದೆ. ಅದು ಉಳೀತದಾ?”

“ಮುಟ್ಟದಿದ್ರೂ ಸಾಯ್ತದೆ. ನೀವು ನೋಡ್ಕೋತೀರಾ?”

“ಎರೆಹುಳ ತಿನ್ನೋ ಜಾಡೀನ ನಾನು ಮುಟ್ಟದಾ? ಶಿವ ಶಿವ.”

“ಹಂಗಾದ್ರೆ ಒಳಕ್ಕೆ ಹೋಗಿ.”

ಸಾಯುವುದು ಹೇಗಿದ್ದರೂ ಸಾಯುತ್ತದೆ, ನಾತದಲ್ಲಿ ಯಾಕೆ ಸಾಯಬೇಕು ಅಂತ ಜಾಡಿಯ ಅರ್ಧ ನೀರು ಚೆಲ್ಲಿ, ಭರಣಿಯ ಸಮುದ್ರದ ನೀರು ಹುಯ್ದೆ. ಆರಿದ್ದಕ್ಕೆ ದಿನಾ ಗಡಿಗೆಯ ನೀರು ಹಾಕಿದೆ. ಬೇರೆ ಕೆಲಸವಿರಲಿಲ್ಲ, ಅದನ್ನೇ ನೋಡುತ್ತಾ ಕೂತೆ. ಮೂರನೇ ದಿನ ಮಧ್ಯಾಹ್ನ, ನಾನು ಉಂಡು ಎಲೆ ಎಸೆದು ಬರುವಷ್ಟರಲ್ಲಿ, ಎರಡು ಬೆರಳು ಹೊರಗಿದ್ದವು. ಸಂಜೆಗೆ ಅರ್ಧ ಬಿಚ್ಚಿತ್ತು. ಅತ್ತೆಯನ್ನು ಕರೆದೆ. ಅವರು ದೂರದಿಂದಲೇ ಇಣುಕಿ ನೋಡಿ ಒಳಗೆ ಹೋದರು.

ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದೆ. ಮಡಿಯಾದೆನಲ್ಲ, ಮತ್ತೆ ತಾಮ್ರದ ಬಿಂದಿಗೆಯ ಒಳ್ಳೆ ನೀರು ಹುಯ್ದೆ. ಮಾರನೇ ದಿನಕ್ಕೆ ಬೆರಳು ಒಳಗೆ. ಅದರ ಮಾರನೇ ದಿನ ಮತ್ತೆ ಹುಣಸೆಹಣ್ಣಿನ ಮುದ್ದೆ.

ಆಗ ಕೂತು ಯೋಚನೆ ಮಾಡಿದೆ. ಹುಳ ಅದೇ, ಬಾವಿ ಅದೇ, ಜಾಗ ಅದೇ. ನಾನು ಮೈಲಿಗೆಯಲ್ಲಿದ್ದಾಗ ಬದುಕಿದ್ದು ಮಡಿಯಾದಾಗ ಸಾಯುತ್ತದೆ ಅಂದರೆ, ಅದಕ್ಕೆ ನಾನು ಬೇಡವಾದದ್ದಲ್ಲ. ಬೇರೆಯಾದದ್ದು ಬಿಂದಿಗೆ ಒಂದೇ. ಅವತ್ತೇ ಅರ್ಧ ನೀರು ಬದಲಾಯಿಸಿ ಗಡಿಗೆಗೆ ಹಿಂತಿರುಗಿದೆ. ಐದು ದಿನ ಕಾದೆ. ಪೂರ್ತಿ ಬಿಚ್ಚಿತು, ಕಡ್ಡಿಯ ಹುಳವನ್ನು ಕಸಿದುಕೊಂಡು ತಿಂದಿತು.

“ಅತ್ತೆ, ನಿಮ್ಮ ತಾಮ್ರ ಅದಕ್ಕೆ ವಿಷ,” ಅಂದೆ.

ಅವರಿಗೆ ಸಿಟ್ಟು ಬಂತು. “ನಲವತ್ತು ವರ್ಸದಿಂದ ಕುಡೀತಿದೀನಿ. ಸತ್ತಿದೀನಾ?”

“ನೀವು ಕಡಲಲ್ಲಿ ಹುಟ್ಟಿಲ್ಲವಲ್ಲ.”

“ಎಲ್ಲಿ, ಇನ್ನೊಂದ್ಸಲ ತಾಮ್ರದ್ದು ಹುಯ್ದು ತೋರ್ಸು ಮತ್ತೆ.”

“ಹುಯ್ದು ಸತ್ತ್ರೆ ನಿಮಗೆ ಬಸ್ಸು ಹತ್ತೋಕೆ ಸಲೀಸಾಗ್ತದೆ. ನಾನು ಹುಯ್ಯಲ್ಲ.”

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ನಗು ತಡೆಯಲಾರದೆ ಸೆರಗು ಬಾಯಿಗೆ ಇಟ್ಟುಕೊಂಡರು. “ಕಿಲಾಡಿ ಕಣಮ್ಮಿ ನೀನು,” ಅಂದರು. ಅವತ್ತು ರಾತ್ರಿ ಗೋಡೆಗೆ ಒರಗಿಸಿದ್ದ ಹಾಸಿಗೆ ಬಿಚ್ಚಿ ಮಲಗಿದರು. ನನ್ನ ಚಾಪೆ ನನಗೆ ವಾಪಸು ಬಂತು. ಉಳಿದ ದಿನಗಳಲ್ಲಿ ನಾನು ಅಂಗಡಿಗೆ ಹೋದರೆ ಅವರೇ ಲೋಟದಿಂದ ನೀರು ಎತ್ತಿ ಹುಯ್ಯುತ್ತಿದ್ದರು. ಹುಳ ಮಾತ್ರ ಮುಟ್ಟಲಿಲ್ಲ.

ಯಜಮಾನರು ಮೈಸೂರಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಹಿತ್ತಿಲಿಗೆ ಹೋದರು. ಅದು ಹೋಗುವಾಗ ಇದ್ದದ್ದಕ್ಕಿಂತ ದಪ್ಪಗಿತ್ತು. ಹೇಗೆ ನೋಡಿಕೊಂಡೆ ಅಂತ ಕೇಳಿದರು. ತಾಮ್ರದ ವಿಷಯ ಹೇಳಿದೆ. ತಾಮ್ರ ಅಂತ ಹೇಗೆ ಗೊತ್ತಾಯಿತು ಅಂದರು. ಗಂಡಸಿನ ಹತ್ತಿರ ಮುಟ್ಟಿನ ವಿಷಯ ಹೇಗೆ ಹೇಳುವುದು?

ಅತ್ತೆಯೇ ಹೇಳಿದರು. “ಇವ್ಳು ಹೊರಗೆ ಕುಂತಾಗ ಹುಯ್ದ ನೀರ್ನಾಗೆ ಬದುಕ್ತು. ನನ್ನ ಬಿಂದಿಗೆ ನೀರ್ನಾಗೆ ಸಾಯಾಕೋಯ್ತು. ನೀನು ಏಳಿ ಓಗಿದ್ಯೇನ್ಲಾ ತಾಮ್ರ ಆಗಲ್ಲ ಅಂತ? ನೀನೆಂಥ ಮೇಷ್ಟ್ರು?”

ಅವರಿಗೂ ಗೊತ್ತಿರಲಿಲ್ಲ. ಶಾಲೆಯ ಪುಸ್ತಕ ತಿರುವಿ ಹಾಕಿ, ವಾರವಾದ ಮೇಲೆ, ಹೌದು, ಅಂಥ ಜೀವಗಳಿಗೆ ತಾಮ್ರ ಆಗದು ಅಂತ ನನಗೆ ಬಂದು ಹೇಳಿದರು. “ನಾನು ಆಗಲೇ ಹೇಳಿದ್ನಲ್ಲ,” ಅಂದೆ.

ಅತ್ತೆ ಬಿಂದಿಗೆ ಎತ್ತಿಕೊಂಡು ಒಬ್ಬರೇ ಚನ್ನರಾಯಪಟ್ಟಣದ ಬಸ್ಸು ಹತ್ತಿದರು. ಕರೆದುಕೊಂಡು ಹೋಗುವ ಮಾತು ಮತ್ತೆ ಎತ್ತಲಿಲ್ಲ.

ಆ ಜೀವ ಆಮೇಲೂ ಚೆನ್ನಾಗಿಯೇ ಬಾಳಿತು. ಒಂದು ಮಳೆಗಾಲ ಘಾಟಿ ಕುಸಿದು ಬಸ್ಸು ನಿಂತು, ಭರಣಿ ಬರಿದಾಗಿ, ಸತ್ತುಹೋಯಿತು. ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ, ಜಾಡಿಯನ್ನು ಬೂದಿ ಹಾಕಿ ತೊಳೆದು, ನಿಂಬೆಕಾಯಿ ಉಪ್ಪಿನಕಾಯಿ ಹಾಕಿದೆ. ನಾನು ಹಾಸನದಲ್ಲೇ ಉಳಿದೆ, ಒಲೆ ನನ್ನದಾಗಿಯೇ ಉಳಿಯಿತು. ಹಿತ್ತಿಲಲ್ಲಿ ವೀಳ್ಯದೆಲೆ ಬಳ್ಳಿ ಹಾಕಿದೆ. ಮುಟ್ಟಾದ ದಿನವೇ ಬೇಕೆಂದು ಹೋಗಿ ಎಲೆ ಕಿತ್ತು ನೋಡಿದೆ. ಬಳ್ಳಿ ಬಾಡಲಿಲ್ಲ. ಅದಾದ ಮೇಲೆ ನಾನು ಹೊರಗೆ ಕೂರಲಿಲ್ಲ.